ಖರ್ಚಾಗದೆ ಉಳಿದದ್ದು

ಭೋಪಾಳ
5 ಡಿಸೆಂಬರ್ 1956

ಚಿ. ಸೌ. ಭಾನುಗೆ ಅನೇಕ ಆಶೀರ್ವಾದಗಳು.

ಸರಕಾರ ರಾಜಧಾನಿಯನ್ನು ನಾಗಪುರದಿಂದ ಕಿತ್ತು ಇಲ್ಲಿ ನೆಟ್ಟಿದೆ. ಬೇರಿಗೆ ಅಂಟಿದ ಮಣ್ಣಿನ ಹಾಗೆ ನಮ್ಮ ಲೆಕ್ಕ ತಪಾಸಣೆಯ ಶಾಖೆಯೂ ಬಂದು ಬಿದ್ದಿದೆ. ಮಣ್ಣಿನಲ್ಲಿ ಒಂದು ಹೆಂಟೆ ನಾನು. ಒಂದು ಕೋಣೆ, ನಾಲ್ಕು ಗುಮಾಸ್ತರು, ಒಂದು ಸ್ಟೋವು. ಅಡಿಗೆ ಪಕ್ಕದ ಮೇಜಿನ ನರಹರಿಯದು. ಅವನ ಸಾರು ಕುಡಿದ ಮೇಲೆ ನಿನ್ನ ಸಾರಿನ ಮೇಲೆ ಈವರೆಗೆ ನಾನು ಎತ್ತಿದ ಆಕ್ಷೇಪಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ.

ಸ್ಟೇಶನ್ನಿನಲ್ಲಿ ನೀನು ಅಳಲಿಲ್ಲ. ಬರಿಗೈ ನೋಡಿಕೊಂಡೆ. ನೋಡಿದ್ದನ್ನು ನಾನೂ ನೋಡಿದೆ. ಲೀಲಾಳ ಮದುವೆಗೆಂದು ನಿನ್ನ ನಾಲ್ಕು ಬಂಗಾರದ ಪಾಟ್ಲಿ ಬಳೆ ಇತವಾರಿಯ ಸಾವಕಾರನ ತಿಜೋರಿ ಸೇರಿ ಏಳು ತಿಂಗಳು. ಬಡ್ಡಿ ಸೇರಿ ಐನೂರೈವತ್ತು, ಬರುವ ದೀಪಾವಳಿ ಪಾಡ್ಯದೊಳಗೆ ಕಟ್ಟಬೇಕು. ತಪ್ಪಿದರೆ ಪಾಟ್ಲಿ ಅವನ ಹೆಂಡತಿಯ ಕೈಗೆ. ತಂಗಿ ನನ್ನವಳು, ಕೈ ನಿನ್ನದು. ಈ ಸಾಲ ಇಬ್ಬರದೂ.

ಆದ್ದರಿಂದ ನಮ್ಮ ಪಂಚವಾರ್ಷಿಕವಲ್ಲದ, ಹನ್ನೊಂದು ತಿಂಗಳ ಯೋಜನೆ ಹೀಗೆ: ಪ್ರತಿ ತಿಂಗಳು ನೂರಿಪ್ಪತ್ತರ ಮನಿಆರ್ಡರು ಕಳಿಸುತ್ತೇನೆ. ಅದರಲ್ಲಿ ಮೂವತ್ತು ಸಾಲಕ್ಕೆ, ತೊಂಬತ್ತು ಮನೆಗೆ. ಆ ತೊಂಬತ್ತರಲ್ಲಿ ನೀನು ಇಪ್ಪತ್ತು ಉಳಿಸಿ, ಮೂವತ್ತಕ್ಕೆ ಸೇರಿಸಿ, ಸಾವಕಾರನಿಗೆ ಐವತ್ತು ಕಟ್ಟು. ಆಕಾಶದ ಭಾನು ದಿನಾ ಕಂತುತ್ತಾನೆ. ನನ್ನ ಭಾನು ತಿಂಗಳಿಗೊಮ್ಮೆ ಕಂತು ಕಟ್ಟುತ್ತಾಳೆ.

ಪ್ರತಿ ತಿಂಗಳ ಲೆಕ್ಕ ನನಗೆ ಬರಲಿ. ಕೆಂಪು ಮಸಿ ಸರಕಾರದ್ದು, ಪುಕ್ಕಟೆ. ಆಡಿದ್ದನ್ನೂ ಇಟ್ಟದ್ದನ್ನೂ ಕೂಡಿಸಿ ನೋಡುವುದಕ್ಕೇ ಆಡಿಟ್ಟು ಅನ್ನುವುದು.

ತುಂಗಾಗೆ ಮುತ್ತು. ಕನ್ನಡ ಅಕ್ಷರ ತಿದ್ದಿಸು. ಮರಾಠಿ ಶಾಲೆಯಲ್ಲಿ ಓದಿ ಅಪ್ಪನ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳುವ ಹಾಗಾಗಬಾರದು.

ನಿನ್ನ ಬಿಂದು

*

ಮಹಾಲ, ನಾಗಪುರ
2 ಜನವರಿ 1957

ನಿಮ್ಮ ಚರಣಗಳಿಗೆ ಭಾನುಮತಿಯ ನಮಸ್ಕಾರಗಳು.

ಡಿಸೆಂಬರಿನ ಲೆಕ್ಕ ಇದರೊಂದಿಗಿದೆ. ಕಲಾವತಿಬಾಯಿಗೆ ಬಾಡಿಗೆ ಹದಿನೆಂಟು ಕೊಡಹೋದಾಗ ಆಕೆ, "ಸಾಹೇಬರು ಇಲ್ಲ, ಒಂದು ರೂಪಾಯಿ ಕಮಿ ಮಾಡ್ಲಿ ಕಾಯ?" ಎಂದು ಕೇಳಿದಳು. ನೀವು ಇಲ್ಲದ್ದಕ್ಕೆ ಒಂದು ರೂಪಾಯಿ ಬೆಲೆ ಕಟ್ಟಿದ್ದು ನನಗೆ ಅವಮಾನವೆನಿಸಿತು. ಆದರೂ ರೂಪಾಯಿ ಇಟ್ಟುಕೊಂಡೆ.

ಸಾವಕಾರನಿಗೆ ಐವತ್ತು ಕಟ್ಟಿದೆ. ನೋಟುಗಳನ್ನು ಎರಡು ಸಲ ಎಣಿಸಿದ. "ಬಾಯಿ, ಹಿಸಾಬ್ ಬರೋಬರ್" ಎಂದ. ನನ್ನ ಪಾಟ್ಲಿಯ ಗಂಟು ತೋರಿಸು ಎಂದೆ. "ತೋರಿಸಿದರೆ ತೂಕ ಕಮ್ಮಿ ಆಗ್ತದ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಒಂದು ಮಾತು ಕೇಳುವುದಿದೆ. ಅಜನಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಕಡೆಯವರ ಐದಾರು ಮನೆಗಳಿವೆಯಲ್ಲ. ಅಲ್ಲಿಯ ಅನಸೂಯಾಬಾಯಿ ಅರಿಸಿನ ಕುಂಕುಮದಲ್ಲಿ ಸಿಕ್ಕಿದ್ದರು. "ನಮ್ಮ ಹುಡುಗ ಅಜ್ಜೀ ಕಾಗದ ಬಂದ್ರ ತಲಿಕೆಳಗ ಹಿಡೀತಾನ್ರೀ. ನೀವು ಇಂಟರ್ ತನಕ ಓದೀರಿ, ಸಂಜೀ ಮುಂದ ಒಂದ್ ತಾಸು ಕನ್ನಡ ಹೇಳಿಕೊಡ್ರಿ. ತಿಂಗಳಾ ಐದು ರೂಪಾಯಿ ಕೊಡ್ತೀವಿ" ಎಂದರು. ಮೂರು ಮಕ್ಕಳಾದರೂ ಹದಿನೈದು. ತುಂಗಾಳನ್ನೂ ಕರೆದುಕೊಂಡು ಹೋಗಬಹುದು. ನೀವು ಹೂಂ ಅಂದರೆ.

ಭಾನು

*

ಭೋಪಾಳ
11 ಜನವರಿ 1957

ಚಿ. ಸೌ. ಭಾನುಗೆ ಅನೇಕ ಆಶೀರ್ವಾದಗಳು.

ಲೆಕ್ಕ ತಪಾಸಣೆಯಾಯಿತು. ಮೊದಲ ಆಕ್ಷೇಪ: ಒಂದೇ ತಿಂಗಳಲ್ಲಿ ಎರಡು ಸಲ ಇಂಗು. ಇಂಗು ಹಿಂಗೇಕೆ ಇಂಗಿಹೋಯಿತು? ಎರಡನೆಯದು: 'ಇತರೆ, ಆರಾಣೆ'. ಇತರೆ ಎಂಬುದು ಜಗತ್ತಿನಲ್ಲಿ ಇಲ್ಲ. ವಿವರ ಸಿಗದ ಹಣವನ್ನು ನಮ್ಮಲ್ಲಿ 'ಅನಾಮತ್ತು' ಎಂಬ ಖಾತೆಯಲ್ಲಿ ಕೂಡಿಸಿ, ವಿವರ ಬರುವವರೆಗೆ ಕಣ್ಣಿಡುತ್ತೇವೆ. ನಿನ್ನ ಆರಾಣೆಯನ್ನೂ ಅಲ್ಲಿ ಕೂಡಿಸಿದ್ದೇನೆ.

ಉಳಿದದ್ದೆಲ್ಲ ಅಮೋಘ. ಉಳಿತಾಯದಲ್ಲಿ ಉಳಿಯೂ ಇದೆ, ತಾಯಿಯೂ ಇದ್ದಾಳೆ. ನೀನು ಎರಡೂ ಆಗಿದ್ದೀ ಎಂದು ನರಹರಿಯ ಮುಂದೆ ಹೊಗಳಿದೆ. ಬಡಿಸುತ್ತಿದ್ದ ಸಾರನ್ನು ಅರ್ಧಕ್ಕೆ ನಿಲ್ಲಿಸಿದ.

ಇನ್ನು ಅಜನಿಯ ವಿಷಯ. ಅಂದರೆ ನನ್ನ ಹೆಂಡತಿ ಚೀಲ ಹಿಡಿದುಕೊಂಡು ಮನೆಮನೆಗೆ ಹೋಗಿ ಕಾಗುಣಿತ ಮಾರಬೇಕು? 'ಕಾ' ಐದು ರೂಪಾಯಿ, 'ಕಿ' ಹತ್ತು? ಅಲ್ಲಿಯ ಡ್ರೈವರು ಗಾರ್ಡುಗಳ ಹೆಂಡಂದಿರು, ಆಡಿಟ್ಟಿನವನಿಗೆ ಹೆಂಡತಿಯನ್ನು ಸಾಕಲಾಗಲಿಲ್ಲ ಎಂದು ಆಡಿ, ಇಟ್ಟುಬಿಡುತ್ತಾರೆ. ಪ್ರಸ್ತಾವ ನಾಮಂಜೂರು.

ನಿನ್ನ ಬಿಂದು

*

ಮಹಾಲ, ನಾಗಪುರ
24 ಮಾರ್ಚ್ 1957

ನಿಮ್ಮ ಚರಣಗಳಿಗೆ ನಮಸ್ಕಾರಗಳು.

ನಿಮಗೊಂದು ಅಚ್ಚರಿ. ನಾಲ್ಕು ಕಂತು ಬರೋಬರಿ ಕಟ್ಟಿದ ಮೇಲೂ ಚಹಾಪುಡಿಯ ಹಳೆಯ ಡಬ್ಬಿಯಲ್ಲಿ ಮೂವತ್ತೆಂಟು ರೂಪಾಯಿ ಕೂತಿದೆ! ತಿಂಗಳಿಗೆ ಇಪ್ಪತ್ತು ಉಳಿಸು ಎಂದಿರಿ. ನಾನು ಒಂಬತ್ತೂವರೆ ಹೆಚ್ಚಿಗೆ ಉಳಿಸಿದೆ. ಮಳೆಗಾಲದಲ್ಲಿ ಕಾಳುಕಡಿ ತುಟ್ಟಿಯಾಗುತ್ತದೆ, ತುಂಗಾಳಿಗೆ ಜ್ವರ ನೆಗಡಿ ಬರುತ್ತವೆ. ಆಗ ಕಂತು ತಪ್ಪಬಾರದೆಂದು ಕೂಡಿಟ್ಟದ್ದು. ಡಬ್ಬಿಯನ್ನು ಎರಡು ದಿನಕ್ಕೊಮ್ಮೆ ಅಲ್ಲಾಡಿಸಿ ನೋಡುತ್ತೇನೆ. ಬಳೆಯ ಸದ್ದಿನ ಹಾಗೆಯೇ ಕೇಳಿಸುತ್ತದೆ.

ಕಾಗದದ ಅಂಚಿಗೆ ತುಂಗಾ ಮರಾಠಿಯಲ್ಲಿ ಏನೋ ಬರೆದಿದ್ದಾಳೆ. ಅದನ್ನು ಓದುವ ಗೋಜಿಗೆ ಹೋಗಬೇಡಿರಿ.

ಭಾನು

*

ಭೋಪಾಳ
1 ಏಪ್ರಿಲ್ 1957

ಚಿ. ಸೌ. ಭಾನುಗೆ ಅನೇಕ ಆಶೀರ್ವಾದಗಳು.

ಇಂದಿನಿಂದ ರೂಪಾಯಿಗೆ ನೂರು ನಯೇ ಪೈಸೆ. ಹದಿನಾರಾಣೆ ಸತ್ಯ ಹೇಳುತ್ತಿದ್ದವರೆಲ್ಲ ಇನ್ನು ಏನು ಹೇಳುತ್ತಾರೋ ನೋಡಬೇಕು. ರೂಪಾಯಿಗೂ ಪೈಸೆಗೂ ನಡುವೆ ಒಂದು ಬಿಂದು ಇಡಬೇಕಂತೆ. ಹತ್ತು ವರ್ಷ ಸೇವೆ ಮಾಡಿದ್ದಕ್ಕೆ ಸರಕಾರ ಕೊನೆಗೂ ನನ್ನ ಹೆಸರನ್ನು ರೂಪಾಯಿಯ ಪಕ್ಕದಲ್ಲಿ ಕೂಡಿಸಿತು.

ನಿನ್ನ ಮೂವತ್ತೆಂಟನ್ನು ಓದಿ ಎದೆ ಉಬ್ಬಿತು. ಆದರೆ ಹೆಂಡತಿ ಆಡಿಟ್ಟಿನವನಿಗೆ ನಿಜ ಹೇಳಬಾರದಿತ್ತು. ಮಾರ್ಚ್ ಮೂವತ್ತೊಂದಕ್ಕೆ ಖರ್ಚಾಗದೆ ಉಳಿದ ಹಣವನ್ನು ಇಲಾಖೆ ಹಿಂದಕ್ಕೆ ಒಪ್ಪಿಸಬೇಕು. ಒಂದು ವರ್ಷ ಉಳಿಸಿ ತೋರಿಸಿದವರಿಗೆ ಮರುವರ್ಷ ಅಷ್ಟು ಕಡಿಮೆ ಮಂಜೂರು. ಇಡೀ ಭಾರತ ಸರಕಾರ ನಡೆಯುವುದು ಹೀಗೆ. ಮಹಾಲದ ಎರಡು ಕೋಣೆಗೆ ಬೇರೆ ಕಾನೂನು ಎಲ್ಲಿಂದ ತರಲಿ? ಆದ್ದರಿಂದ ಈ ತಿಂಗಳ ಮನಿಆರ್ಡರಿನಲ್ಲಿ ಮೂವತ್ತೆಂಟು ಕಳೆದು ಎಂಬತ್ತೆರಡು ಕಳಿಸಿದ್ದೇನೆ. ಮುಂದಿನ ತಿಂಗಳಿಂದ ನೂರು. ಇಷ್ಟರಲ್ಲಿ ನಡೆಯುತ್ತದೆಂದು ನೀನೇ ತೋರಿಸಿದ್ದೀಯಲ್ಲ! ನನಗೂ ಇಲ್ಲಿ ಒಂದು ಖರ್ಚಿದೆ. ಸದ್ಯಕ್ಕೆ ಅನಾಮತ್ತು.

ತುಂಗಾಳ ಮರಾಠಿ ಓದಿದೆ. 'ಆಯಿ ರಾತ್ರಿ ಊಟ ಮಾಡುವುದಿಲ್ಲ' ಎಂದಿದ್ದಾಳೆ. ನಿನಗೆ ಇಷ್ಟು ಏಕಾದಶಿ ಎಲ್ಲಿ ಸಿಗುತ್ತವೆ? ಪುಣ್ಯವೂ ಆಯಿತು, ಜೋಳವೂ ಉಳಿಯಿತು.

ನಿನ್ನ ಬಿಂದು

*

ಮಹಾಲ, ನಾಗಪುರ
20 ಮೇ 1957

ನಮಸ್ಕಾರಗಳು.

ಲೆಕ್ಕ ಇದರೊಂದಿಗಿದೆ. ಕಂತು ಕಟ್ಟಿದೆ.

ಬಿಸಿಲು ವಿಪರೀತ. ಅಂಗಳದ ಕಲ್ಲಿನ ಮೇಲೆ ಹಪ್ಪಳ ಹಾಕಿದರೆ ಒಣಗುವುದಿಲ್ಲ, ಸುಡುತ್ತದೆ. ಸಂಜೆ ಹೊತ್ತು ತುಂಗಾಳನ್ನು ಕರೆದುಕೊಂಡು ಗಾಳಿಗೆ ಹೋಗಿಬರುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು.

ಭಾನು

*

ಭೋಪಾಳ
3 ಜುಲೈ 1957

ಚಿ. ಸೌ. ಭಾನುಗೆ ಆಶೀರ್ವಾದಗಳು.

ನಿನ್ನ ಕಾಗದಗಳು ತಂತಿಯ ಹಾಗಾಗಿವೆ. ಶಬ್ದಕ್ಕೂ ದುಡ್ಡು ಬೀಳುತ್ತದೆಂದು ಹೆದರಿದ್ದೀಯಾ?

ಜೂನಿನ ಲೆಕ್ಕ ಕಂಡು ನರಹರಿ ಕೈ ಮುಗಿದ. ನೂರರಲ್ಲಿ ಐವತ್ತು ಸಾಲಕ್ಕೆ, ಐವತ್ತರಲ್ಲಿ ಮನೆ! ಒಂದು ಪೈಸೆ ಬಾಕಿಯಿಲ್ಲ. ಪವಾಡ ಮಾಡುವವರಿಗೆ ಸಾಮಗ್ರಿ ಹೆಚ್ಚು ಕೊಟ್ಟರೆ ಪವಾಡಕ್ಕೆ ಅವಮಾನ. ಈ ತಿಂಗಳಿಂದ ಎಂಬತ್ತೈದು. ನಡೆಸಿಯೇ ನಡೆಸುತ್ತೀ.

ಆಕ್ಷೇಪಗಳು: ಚಪ್ಪಲಿ ಹೊಲಿಸಿದ್ದು ಒಂದೇ ತಿಂಗಳಲ್ಲಿ ಮೂರು ಸಲ. ಎಲ್ಲಿಗೆ ನಡೆಯುತ್ತೀ, ಕಾಶಿಗೋ? ಎರಡನೆಯದು ಗಂಭೀರವಾದದ್ದು. ಎರಡಾಣೆಗೆ ಸರಕಾರ ಹೇಳಿದ್ದು ಹನ್ನೆರಡು ನಯೇ ಪೈಸೆ. ನೀನು ಹದಿಮೂರು ಬರೆದಿದ್ದೀ, ಏಳು ಕಡೆ. ಏಳು ನಯೇ ಪೈಸೆ ನಿನ್ನಿಂದ ವಸೂಲಾಗಬೇಕು. ಕೆಂಪು ಮಸಿಯಲ್ಲಿ ಬರೆದಿಟ್ಟಿದ್ದೇನೆ.

ಬಿಂದು

*

ಭೋಪಾಳ
19 ಆಗಸ್ಟ್ 1957

ಚಿ. ಸೌ. ಭಾನುಮತಿಗೆ.

ನರಹರಿ ಕಚೇರಿಯ ದಫ್ತರ ತರಲು ನಾಗಪುರಕ್ಕೆ ಹೋಗಿದ್ದ. ನನ್ನ ಕೊಡೆ ಕೊಟ್ಟು ಬಾ ಎಂದು ಕಳಿಸಿದ್ದೆ. ಮೂರು ಸಂಜೆ ಬಂದನಂತೆ, ಮೂರು ಸಂಜೆಯೂ ಬೀಗ. ಕಲಾವತಿಬಾಯಿಯನ್ನು ಕೇಳಿದರೆ, "ಬಾಯಿ ರೋಜ್ ಜಾತಾತ, ಆಠಲಾ ಯೇತಾತ" ಎಂದಳಂತೆ. ದಿನಾ ಹೋಗುತ್ತಾಳೆ, ಎಂಟಕ್ಕೆ ಬರುತ್ತಾಳೆ. ಎಲ್ಲಿಗೆ ಎಂದು ಕೇಳಿದರೆ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಇದನ್ನು ನರಹರಿ ಊಟಕ್ಕೆ ಕೂತಾಗ, ಎಲ್ಲರ ಮುಂದೆ ಹೇಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗಾಳಿಗೆ ಹೋಗುವವರು ಕತ್ತಲಾಗುವ ತನಕ ಗಾಳಿ ಕುಡಿಯುವುದಿಲ್ಲ. ಐವತ್ತರಲ್ಲಿ ನಡೆಯುತ್ತಿದ್ದ ಮನೆ ಮೂವತ್ತೈದರಲ್ಲಿ ಹೇಗೆ ನಡೆಯುತ್ತಿದೆ ಎಂಬುದನ್ನೂ ಈಗ ಕೇಳಬೇಕೆನಿಸುತ್ತಿದೆ. ಮರುಟಪಾಲಿಗೆ ಉತ್ತರ ಬರಲಿ.

ಬಿಂದುಮಾಧವ

*

ಮಹಾಲ, ನಾಗಪುರ
26 ಆಗಸ್ಟ್ 1957

ನಮಸ್ಕಾರಗಳು.

ಮೂವತ್ತೈದರಲ್ಲಿ ಮನೆ ಹೇಗೆ ನಡೆಯುತ್ತದೆಂದು ಈ ತಿಂಗಳು ಕೇಳಿದಿರಿ. ಹೋದ ತಿಂಗಳು ಕೇಳಿದ್ದರೆ ಹೇಳುತ್ತಿದ್ದೆ.

ನನ್ನ ಸಂಜೆಗಳನ್ನು ಅನಾಮತ್ತು ಖಾತೆಯಲ್ಲಿ ಇಟ್ಟಿದ್ದೇನೆ. ನಿಮ್ಮ ಖರ್ಚೊಂದು ಏಪ್ರಿಲಿನಿಂದ ಅದೇ ಖಾತೆಯಲ್ಲಿ ಕೂತಿದೆ. ನಾನು ವಿವರ ಕೇಳಿಲ್ಲ. ದೀಪಾವಳಿಗೆ ಇಬ್ಬರೂ ಖಾತೆ ತೆರೆಯೋಣ.

ಕೊಡೆ ಕಲಾವತಿಬಾಯಿಯ ಹತ್ತಿರ ಇತ್ತು, ಸಿಕ್ಕಿತು. ಒಂದು ಕಡ್ಡಿ ಮುರಿದಿದೆ.

ಭಾನುಮತಿ

*

ಭೋಪಾಳ
2 ಸೆಪ್ಟೆಂಬರ್ 1957

ಸೌ. ಭಾನುಮತಿಗೆ.

ಗಂಡನಿಗೆ ಹೀಗೆ ಬರೆಯಬಹುದೆಂದು ಇಂಟರ್ ಕ್ಲಾಸಿನಲ್ಲಿ ಕಲಿಸುತ್ತಾರೆಂದು ಗೊತ್ತಿರಲಿಲ್ಲ. ಗಂಡ ಎಲ್ಲಿ ಖರ್ಚು ಮಾಡಿದ ಎಂಬುದೂ, ಸಂಜೆ ಮನೆಗೆ ಬೀಗ ಹಾಕಿ ಹೆಂಗಸು ಎಲ್ಲಿಗೆ ಹೋದಳು ಎಂಬುದೂ ಒಂದೇ ಖಾತೆಗೆ ಸೇರುವುದಿಲ್ಲ.

ವೋಚರು ಇಲ್ಲದ ಬಿಲ್ಲು ಪಾಸಾಗುವುದಿಲ್ಲ. ವಿವರ ಬರುವವರೆಗೆ ಮನಿಆರ್ಡರು ಇಲ್ಲ.

ಬಿಂದುಮಾಧವ

*

ಭೋಪಾಳ
12 ಅಕ್ಟೋಬರ್ 1957

ಭಾನು,

ನಲವತ್ತು ದಿನವಾಯಿತು. ಉತ್ತರವೂ ಇಲ್ಲ, ಲೆಕ್ಕವೂ ಇಲ್ಲ. ಸೆಪ್ಟೆಂಬರಿನಲ್ಲಿ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟನ್ನು ಮೆಸ್ಸಿನ ಸಾರಿನ ಖಾತೆಗೆ ಬರೆದುಕೋ.

ನನಗೆ ಕ್ವಾರ್ಟರ್ಸು ಮಂಜೂರಾಯಿತು. ಎರಡು ಕೋಣೆ, ನಳ ಮನೆಯೊಳಗೇ. ದೀಪಾವಳಿ ಮುಗಿಸಿ ತುಂಗಾಳನ್ನು ಕರೆದುಕೊಂಡು ಬಂದುಬಿಡು. ಹಳೆಯ ಆಕ್ಷೇಪಗಳನ್ನೆಲ್ಲ ಇಲ್ಲಿಗೆ ಕೈಬಿಟ್ಟಿದ್ದೇನೆ. ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳುವುದಿಲ್ಲ. ನನ್ನ ದೊಡ್ಡತನ ಎಂದು ಹೇಳಿಕೊಳ್ಳುತ್ತಿಲ್ಲ. ಮೆಸ್ಸಿನಲ್ಲಿ ಇನ್ನು ಇರಲಾರೆ.

ಪಾಟ್ಲಿಯ ಕೊನೆಯ ಕಂತು ಹೇಗೋ ಹೊಂದಿಸಿರುತ್ತೀ ಎಂದು ಗೊತ್ತು. ಈ ತಿಂಗಳು ನನ್ನ ಕೈ ಪೂರ್ತಿ ಖಾಲಿ.

ಬಿಂದು

*

ಮಹಾಲ, ನಾಗಪುರ
27 ಅಕ್ಟೋಬರ್ 1957

ಶ್ರೀಯುತ ಬಿಂದುಮಾಧವರಾಯರಿಗೆ ನಮಸ್ಕಾರಗಳು.

ಪಾಡ್ಯ ಮುಗಿಯಿತು. ಮಾತು ಕೊಟ್ಟ ಹಾಗೆ ಖಾತೆ ತೆರೆಯುತ್ತೇನೆ. ನನ್ನದು ಮೊದಲು.

ಮೇ ತಿಂಗಳಿಂದ ಸಂಜೆ ಸಂಜೆ ಅಜನಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ನೀವು ನಾಮಂಜೂರು ಮಾಡಿದ್ದು ನೆನಪಿತ್ತು. ಬಸ್ಸಿಗೆ ಕೊಡುವುದು ತುಟ್ಟಿಯಾಗುತ್ತದೆಂದು ನಡೆದೇ ಹೋಗುತ್ತಿದ್ದೆ. ಚಪ್ಪಲಿಯ ಆಕ್ಷೇಪಕ್ಕೆ ಇದು ಉತ್ತರ. ಮೊದಲು ನಾಲ್ಕು ಮಕ್ಕಳು, ಈಗ ಹನ್ನೊಂದು. ಮೊನ್ನೆ ಅನಸೂಯಾಬಾಯಿಯ ಮಗ ಅಜ್ಜಿಯ ಕಾಗದವನ್ನು ನೆಟ್ಟಗೆ ಹಿಡಿದು ಓದಿದ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಆಕೆ, "ಸಾಕೋ ಮಾರಾಯಾ, ಅಳು ಬರ್ತದ" ಎಂದು ಕಾಗದ ಕಸಿದುಕೊಂಡರು. ಆರು ತಿಂಗಳಲ್ಲಿ ಇನ್ನೂರ ನಲವತ್ತೈದು ರೂಪಾಯಿ ಬಂತು. ನಿಮಗೆ ತಿಳಿಯಬಾರದೆಂದು, ಆ ದುಡ್ಡಿನಲ್ಲಿ ತಂದ ಸಾಮಾನನ್ನು ಲೆಕ್ಕದಲ್ಲಿ ಬರೆಯಲಿಲ್ಲ. ನೀವು ಅದನ್ನು ಪವಾಡ ಎಂದಿರಿ. ಪ್ರತಿ ಪವಾಡಕ್ಕೂ ಮನಿಆರ್ಡರು ಸಣ್ಣದಾಯಿತು. ನಾನು ದುಡಿದಷ್ಟೂ ನೀವು ಕಳಿಸುವುದು ಕಡಿಮೆಯಾಯಿತು. ನನ್ನ ತಪ್ಪು ಇಷ್ಟೇ, ಸುಳ್ಳು ಲೆಕ್ಕವನ್ನು ತೀರ ಚೆನ್ನಾಗಿ ಬರೆದೆ.

ಈಗ ನಿಮ್ಮದು. ನೀವು ತೆರೆಯಲಿಲ್ಲ, ಲೀಲಾ ತೆರೆದಳು. ಹಬ್ಬದ ಮುನ್ನಾದಿನ ಅವಳ ಕಾಗದ ಬಂತು. "ವೈನಿ, ರೇಡಿಯೋ ಮುಟ್ಟಿತು. ಹೋದ ದೀಪಾವಳಿಗೆ ಅಳಿಯಗ ಏನೂ ಬರಲಿಲ್ಲಂತ ಅತ್ತಿಯವರು ವರ್ಷಿಡೀ ಅಂದದ್ದೇ ಅಂದದ್ದು. ಈಗ ಅವರ ಬಾಯಿ ಮುಚ್ಚೇದ, ರೇಡಿಯೋದ್ದು ತೆರೆದದ. ನಾನೂರು ರೂಪಾಯಿದ್ದಂತ! ನೀವಿಬ್ಬರೂ ಕೂಡಿ ಉಳಿಸಿ ಕೊಡಿಸೀರಿ ಅಂತ ಅಣ್ಣ ಬರದಾನ. ನಿಮ್ಮ ಪಾಟ್ಲಿ ಬಿಡಿಸಿಕೊಂಡ್ರೇನು?"

ಒಳ್ಳೆಯ ಹುಡುಗಿ. ಅವಳ ಮೇಲೆ ನನ್ನ ಆಕ್ಷೇಪವಿಲ್ಲ. ಹನ್ನೊಂದು ತಿಂಗಳಿಗೆ ನೀವು ಕಳಿಸಬೇಕಾದದ್ದು ಸಾವಿರದ ಮುನ್ನೂರಿಪ್ಪತ್ತು. ಕಳಿಸಿದ್ದು ಒಂಬೈನೂರ ಮೂವತ್ತೆರಡು. ಕಡಿಮೆಯಾದದ್ದು ಮುನ್ನೂರ ಎಂಬತ್ತೆಂಟು. ನಾನೂರರ ರೇಡಿಯೋದಲ್ಲಿ ಹನ್ನೆರಡು ರೂಪಾಯಿ ನಿಮ್ಮದು. ಉಳಿದದ್ದು ನನ್ನ ರಾತ್ರಿಯ ಊಟ, ಚಪ್ಪಲಿ, ಹನ್ನೊಂದು ಮಕ್ಕಳ ಕಾಗುಣಿತ. ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ? ಎನ್ನುತ್ತಿದ್ದೆ ಎಂದೇ ನೀವು ಕೇಳಲಿಲ್ಲ. ಎನ್ನುತ್ತಿರಲಿಲ್ಲ ಎಂದು ಈಗ ನಾನು ಹೇಳಿದರೆ ಅದಕ್ಕೆ ವೋಚರು ಎಲ್ಲಿದೆ?

ಪಾಡ್ಯದ ದಿನ ತುಂಗಾಳ ಕೈ ಹಿಡಿದು ಇತವಾರಿಗೆ ಹೋದೆ. ಈವರೆಗೆ ಕಟ್ಟಿದ್ದೂ ಆ ದಿನ ಒಯ್ದದ್ದೂ ಸೇರಿ ಐನೂರ ಹನ್ನೆರಡು. ಕಡಿಮೆ ಬಿದ್ದದ್ದು ಮೂವತ್ತೆಂಟು. ನಾನು ಹೊಂದಿಸಿದ ಅಂಕಿಯಲ್ಲ, ಕೂಡಿಸಿದರೆ ಹಾಗೆ ಬಂತು. ಚಹಾಪುಡಿಯ ಡಬ್ಬಿಯಲ್ಲಿ ಇದ್ದದ್ದೂ ಅಷ್ಟೇ.

ಇನ್ನೊಂದು ತಿಂಗಳು ಕೊಡು ಎಂದೆ. "ಹೊಸ ಕಾಗದ ಮಾಡಬೇಕಾಗ್ತದ ಬಾಯಿ. ಸಾಹೇಬರ ಸಹಿ ತರ್ರಿ" ಎಂದ. ಸಹಿ ಭೋಪಾಳದಲ್ಲಿದೆ ಎಂದೆ. ಆಮೇಲೆ ನಾನೇ ಹೇಳಿದೆ, ನಾಲ್ಕರಲ್ಲಿ ಒಂದನ್ನು ಇಟ್ಟುಕೋ ಎಂದು. ತೂಗಿ ನೂರಿಪ್ಪತ್ತು ಕಟ್ಟಿದ. ಮೂವತ್ತೆಂಟು ಮುರಿದುಕೊಂಡು ಎಂಬತ್ತೆರಡು ಕೈಗಿಟ್ಟ. ಯಾವುದನ್ನು ಕೊಡಬೇಕೆಂದು ಆರಿಸುವಾಗ ತುಂಗಾ, "ಆಯಿ, ಹೀ ಡಾವ್ಯಾ ಹಾತಾಚೀ" ಎಂದಳು. ಎಡಗೈಯದು ಎಂದು ಅವಳಿಗೆ ಹೇಗೆ ಗೊತ್ತಾಯಿತೋ. ನಾಲ್ಕೂ ಒಂದೇ ಥರ. ಅವಳು ತೋರಿಸಿದ್ದನ್ನೇ ಕೊಟ್ಟೆ. ಈಗ ಬಲಗೈಗೆ ಎರಡು, ಎಡಗೈಗೆ ಒಂದು. ಒಂಟಿ ಪಾಟ್ಲಿ ಸದ್ದು ಮಾಡುವುದಿಲ್ಲ.

ಆ ಎಂಬತ್ತೆರಡನ್ನು ಪೋಸ್ಟಿನ ಉಳಿತಾಯ ಪುಸ್ತಕದಲ್ಲಿ ಇಟ್ಟೆ. ಪುಸ್ತಕ ನನ್ನ ಹೆಸರಿನಲ್ಲಿದೆ. ಉಳಿಯೂ ತಾಯಿಯೂ ಎರಡೂ ನಾನೇ ಎಂದು ಹೊಗಳಿದ್ದಿರಿ. ಉಳಿ ನಿಮ್ಮ ಕೈಯಲ್ಲಿತ್ತು, ಕೆತ್ತಿಸಿಕೊಂಡದ್ದು ನಾನು.

ಭೋಪಾಳಕ್ಕೆ ಬರುವುದಿಲ್ಲ. ಪರೀಕ್ಷೆಯವರೆಗೆ ಕಲಿಸುತ್ತೇನೆಂದು ಅಜನಿಯ ಹನ್ನೊಂದು ಮನೆಗಳಿಗೆ ಮಾತು ಕೊಟ್ಟಿದ್ದೇನೆ. ಆಮೇಲಿನದನ್ನು ಆಮೇಲೆ ನೋಡುವೆ. ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳುವುದಿಲ್ಲ ಎಂದು ಬರೆದಿರಿ. ಹಾಗೆ ಕ್ಷಮಿಸಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ.

ಜುಲೈ ತಿಂಗಳಿನ ನಿಮ್ಮ ಆಕ್ಷೇಪದಂತೆ ನನ್ನಿಂದ ಏಳು ನಯೇ ಪೈಸೆ ಬರಬೇಕಿತ್ತು. ಐದರದೊಂದು, ಎರಡರದೊಂದು ಅಂಚೆಚೀಟಿ ಇದರೊಳಗಿವೆ. ರಸೀದಿ ಕಳಿಸಬೇಕು.

ಭಾನುಮತಿ

*

ಭೋಪಾಳ
6 ನವೆಂಬರ್ 1957

ಸೌ. ಭಾನುಮತಿಗೆ.

ಏಳು ನಯೇ ಪೈಸೆ ಮುಟ್ಟಿತು.

ಐದರ ಚೀಟಿಯನ್ನು ಈ ಕಾರ್ಡಿಗೇ ಹಚ್ಚಿದ್ದೇನೆ. ಎರಡರದು ಉಳಿದಿದೆ. ಮೂರು ದಿನದಿಂದ ಮೇಜಿನ ಮೇಲಿದೆ. ಯಾವ ಖಾತೆಗೆ ಹಾಕಬೇಕೆಂದು ತಿಳಿಯುತ್ತಿಲ್ಲ. ಅದನ್ನು ಏನು ಮಾಡಲಿ, ತಿಳಿಸು.

ಬಿಂದುಮಾಧವ